ಒಣ ಹವೆ ಮುಂದುವರಿಯಲಿದೆ

ಟಿವಿಯಲ್ಲಿ ಹವಾಮಾನ ಓದುವ ಹೆಣ್ಣುಮಗಳ ದನಿ ತೆಗೆಯುವುದು ಕಷ್ಟವೇನಲ್ಲ. ಮೂಗಿನೊಳಗೆ ಸ್ವಲ್ಪ ನೆಗಡಿ ಇಟ್ಟುಕೊಳ್ಳಬೇಕು. ಪ್ರತಿ ವಾಕ್ಯದ ಕೊನೆಗೆ ನಗು ಬಂದಂತೆ ಮಾಡಿ ನಗದೆ ಬಿಡಬೇಕು. ಊರಿಗೆ ಊರೇ ಮುಳುಗುತ್ತಿದ್ದರೂ ‘ಸಾಧಾರಣದಿಂದ ಭಾರಿ’ ಎಂದು ಹಬ್ಬದಡುಗೆಯ ಪಟ್ಟಿ ಓದುವ ಹಾಗೆ ಓದಬೇಕು. ನನಗೆ ಇದು ಎರಡು ದಿನದಲ್ಲಿ ಕೈವಶವಾಯಿತು. ಅದರಿಂದ ಆದ ಅನಾಹುತವನ್ನು ಒಣಗಿಸಲು ಮಾತ್ರ ಒಂದು ವಾರ ಹಿಡಿಯಿತು.

ದನಿ ಕದಿಯುವುದು ನನ್ನ ಹುಟ್ಟುಗುಣ. ಮಹಡಿಯ ಮೇಲಿರುವ ಮನೆ ಮಾಲೀಕರು ಕೆಮ್ಮುತ್ತ ಮೆಟ್ಟಿಲಿಳಿಯುವುದು, ನಾಚಾರಂ ಎಂದ ಕೂಡಲೇ ಸಿಕಂದರಾಬಾದಿನ ಆಟೊದವರು ಬಿಡುವ ನಿಟ್ಟುಸಿರು, ಕೊಂಡಾಪುರದ ಆಫೀಸಿನಲ್ಲಿ ನನ್ನ ಮೇಲಿನವರು ಬೈಯುವ ಮುನ್ನ ಎಳೆಯುವ ‘ಸೀ...’ ಎಲ್ಲವೂ ನನ್ನ ಗಂಟಲಿನಲ್ಲಿವೆ. ಅದೇ ಗಂಟಲಿನಿಂದ ಹೊಟ್ಟೆಯನ್ನೂ ಹೊರೆಯುತ್ತೇನೆ: ಫೋನಿನಲ್ಲಿ ಸಿಟ್ಟಿಗೆದ್ದ ಗಿರಾಕಿಗಳಿಂದ ನಾಲ್ಕು ಭಾಷೆಯಲ್ಲಿ ಬೈಸಿಕೊಂಡು ಐದನೆಯದರಲ್ಲಿ ಧನ್ಯವಾದ ಹೇಳುವ ಕೆಲಸ ನನ್ನದು. ನನ್ನ ಸ್ವಂತ ದನಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ.

ಇಷ್ಟೆಲ್ಲ ಬಂದರೂ ಒಬ್ಬರ ದನಿ ಮಾತ್ರ ನನಗೆ ಇವತ್ತಿಗೂ ಬಂದಿಲ್ಲ. ಅದು ಅತ್ತಿಯದು.

ಅತ್ತಿ ಅಂದರೆ ಅಪ್ಪನ ಅಕ್ಕ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಆಗ ಕಲಬುರಗಿ ಕಡೆಯಿಂದ ಒಂದು ಟ್ರಂಕು ಹಿಡಿದುಕೊಂಡು ಬಂದ ಅತ್ತಿ, “ಎರಡ್ ದಿನ ಇದ್ದು ಹೋಗ್ತೀನಿ” ಎಂದಿದ್ದಳು. ಆ ಎರಡು ದಿನ ಇನ್ನೂ ಮುಗಿದಿಲ್ಲ. ನನಗೂ ಅಕ್ಕನಿಗೂ ರೊಟ್ಟಿ ಬಡಿದು, ಬುದ್ಧಿ ಹೇಳಿ, ಅದು ಹತ್ತದಿದ್ದಾಗ ನಮ್ಮನ್ನೂ ಬಡಿದು ದೊಡ್ಡವರನ್ನು ಮಾಡಿದಳು. ಆಳು ದಪ್ಪ, ದನಿ ಸಣ್ಣದು. ಆ ಸಣ್ಣ ದನಿಯಲ್ಲಿ ಏನೋ ಒಂದು ಇದೆ. ಎಷ್ಟು ಸಲ ಪ್ರಯತ್ನಿಸಿದರೂ ನನ್ನ ಬಾಯಲ್ಲಿ ಅದು ಬೆಕ್ಕಿನ ದನಿಯಾಗುತ್ತದೆ.

ಆ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣುಕೂಸು. ಭಾನುವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತಾಯಿತು. ಬೀಗರಿಗೂ ಬಳಗಕ್ಕೂ ಹೇಳಿ ಕರೆದುಕೊಂಡು ಬರಲು ಅಪ್ಪ ಊರಿಗೆ ಹೋದರು. ಅವರು ಬರುವುದು ಭಾನುವಾರ ಬೆಳಿಗ್ಗೆಯ ಗಾಡಿಗೆ. ಹೈದರಾಬಾದಿನ ನಾಚಾರಂನ ಕಾರ್ಖಾನೆ ಶೆಡ್ಡುಗಳ ಹಿಂದಿನ ಓಣಿಯಲ್ಲಿ, ನೆಲಮಟ್ಟದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅಲ್ಲಿಯ ತನಕ ಉಳಿದವರು ನಾಲ್ಕೇ ಜನ: ಅತ್ತಿ, ಅಕ್ಕ, ಕೂಸು, ನಾನು. ನಾಲ್ವರಲ್ಲಿ ಕೆಲಸಕ್ಕೆ ಬಾರದವರು ಇಬ್ಬರು. ಕೂಸಿಗೆ ವಯಸ್ಸಿನ ನೆಪವಿತ್ತು.

ಅಕ್ಕ ಬೇಡಿದ್ದು ಒಂದೇ. ಆಸ್ಪತ್ರೆಯಲ್ಲಿ ಕೂಸಿನ ಮುಖ ನೋಡಿದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತೂ ಅದೇ: “ಅತ್ತಿ, ಹೆಸರಿಡೂವಾಗ ಕೂಸಿನ್ನ ಅವ್ವನ ಕೌದಿ ಮ್ಯಾಲೇ ಮಲಗಸ್ಬೇಕು.”

“ಮಲಗಸ್ತೀನಿ, ನೀ ಸುಮ್ನ ಮಲ್ಕೊ” ಎಂದು ಅತ್ತಿ ಮಾತು ಕೊಟ್ಟಿದ್ದಳು.

ಅಕ್ಕ ಹೊಟ್ಟೆಯಲ್ಲಿದ್ದಾಗ ಅವ್ವ ಹೊಲಿದ ಕೌದಿ ಅದು. ಮೇಲೆ ಅಜ್ಜಿಯ ಇಳಕಲ್ ಸೀರೆ, ಕೆಳಗೆ ಅಪ್ಪನ ಹಳೆಯ ಧೋತರ, ನಡುವೆ ಯಾರ್ಯಾರದೋ ಆರು ಪದರ. ಅಕ್ಕಿ ಕಾಳಿನಷ್ಟು ಸಣ್ಣ ಹೊಲಿಗೆ ಅಂಚಿನಿಂದ ಶುರುವಾಗಿ ಚೌಕ ಚೌಕವಾಗಿ ನಡುವಿಗೆ ಹೋಗಿ ಮುಗಿಯುತ್ತದೆ. ಅದರ ಮೇಲೆ ಮೊದಲು ಅಕ್ಕನಿಗೆ ಹೆಸರಿಟ್ಟರು, ಆಮೇಲೆ ನನಗೆ. ಕೂಸಾಗಿದ್ದಾಗ ನಾನು ಅದನ್ನು ಎಷ್ಟು ಸಲ ತೋಯಿಸಿದೆ ಎಂಬುದನ್ನು ಅತ್ತಿ ಮನೆಗೆ ಬಂದವರಿಗೆಲ್ಲ, ಮುಖ್ಯವಾಗಿ ನನ್ನ ಗೆಳೆಯರಿಗೆ, ಚಹಾದ ಜೊತೆ ಬಡಿಸುತ್ತಾಳೆ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ನೆಲ ಕಾದಿತ್ತು. ಅಕ್ಕ ಒಳಕೋಣೆಯಲ್ಲಿ ಹಳೆಯ ಕ್ಯಾಲೆಂಡರಿನ ರಟ್ಟು ಹಿಡಿದು ಕೂಸಿಗೆ ಗಾಳಿ ಹಾಕುತ್ತ ಕೂತಿದ್ದಳು. ಹೆರಿಗೆಯಾದಾಗಿನಿಂದ ನಕ್ಕಿರಲಿಲ್ಲ. ನಾನು ಆಫೀಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗ, “ಹೊರಗ ಹೆಂಗೈತೋ? ಮಳಿ ಗಿಳಿ ಬರೂ ಹಂಗ ಐತೇನು?” ಎಂದಳು.

ನನ್ನ ಮೊಬೈಲು ವಾರವಿಡೀ ಗುಡುಗು ಮಿಂಚಿನ ಚಿತ್ರ ತೋರಿಸುತ್ತಿತ್ತು. ಆದರೆ ಅಕ್ಕನ ಮುಖ ನೋಡಿ ನನಗೆ ಚೇಷ್ಟೆ ಸುಳಿಯಿತು. ಕೂಸಿನ ಪೌಡರ್ ಡಬ್ಬಿಯನ್ನು ಮೈಕಿನಂತೆ ಹಿಡಿದು, ಮೂಗಿಗೆ ನೆಗಡಿ ತಂದುಕೊಂಡು, ಗಟ್ಟಿಯಾಗಿ ಓದಿದೆ: “ಕಲ್ಯಾಣ ಕರ್ನಾಟಕ ಹಾಗೂ ನೆರೆಯ ತೆಲಂಗಾಣದಲ್ಲಿ ಮುಂದಿನ ಏಳು ದಿನ ಒಣ ಹವೆ ಮುಂದುವರಿಯಲಿದೆ.” ಆಮೇಲೆ ದನಿ ತಗ್ಗಿಸಿ, “ಬಾಣಂತಿಯರು ತಮ್ಮಂದಿರಿಗೆ ದಿನಕ್ಕೆರಡು ಲಡ್ಡು ಕೊಡುವಂತೆ ಇಲಾಖೆ ಸೂಚಿಸಿದೆ” ಎಂದೆ.

ಅಕ್ಕ ಹೊಟ್ಟೆ ಹಿಡಿದುಕೊಂಡು, ಹೆರಿಗೆಯ ಹೊಲಿಗೆ ನೋಯುತ್ತದೆಂದು ಬೈಯುತ್ತ ನಕ್ಕಳು. ನಾನು ಗೆದ್ದವನಂತೆ ಹೊರಟೆ. ಎರಡನೆಯ ವಾಕ್ಯ ಅಡುಗೆಮನೆಯ ತನಕ ಹೋಗಲಿಲ್ಲ. ಮೊದಲನೆಯದು ಹೋಯಿತು.

ಮಧ್ಯಾಹ್ನ ಅತ್ತಿಯ ಫೋನು ಬಂತು. “ಏ, ಒಂದಲ್ಲ, ಮನ್ಯಾಗಿನ ಏಳೂ ಕೌದಿ ಒಗದ್ ಹಾಕೀನಿ ನೋಡು. ಹೆಂಗೂ ವಾರ ಪೂರ್ತಿ ಬಿಸಲಂತ. ಟಿವ್ಯಾಗ ಹೇಳಿದ್ರು.”

ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಆದರೆ ಕೊಂಡಾಪುರದ ಗಾಜಿನ ಕಿಟಕಿಯಾಚೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ನನ್ನ ಸುಳ್ಳು ನಿಜವಾಗಿಬಿಟ್ಟರೂ ಬಿಡಬಹುದು ಎಂಬ ದುರಾಸೆಯಲ್ಲಿ, “ಹೌದೇನತ್ತಿ? ಭಾಳ ಛಲೋ ಆತು” ಎಂದೆ.

ನಾಲ್ಕು ಗಂಟೆಗೆ ಆ ತಟ್ಟೆ ಮಗುಚಿತು. ಮೊದಲು ಕೆಂಪು ಧೂಳು, ಆಮೇಲೆ ಗಾಳಿ, ಆಮೇಲೆ ಆಲಿಕಲ್ಲು. ನಾನು ಮನೆ ಮುಟ್ಟಿದಾಗ ಮಾಳಿಗೆಯ ಕಟ್ಟೆಯ ಮೇಲೆ ಏಳೂ ಕೌದಿ ನೀರು ಕುಡಿದು ಮಲಗಿದ್ದವು. ನೆನೆದ ಕೌದಿ ಅಂದರೆ ಏನೆಂದು ಹೊತ್ತವರಿಗೇ ಗೊತ್ತು. ಒಣಗಿದಾಗ ಅದು ಒಬ್ಬ ಅಜ್ಜಿ. ನೆನೆದಾಗ ಅಜ್ಜಿಯ ಇಡೀ ಬಳಗ. ಒಂದೊಂದನ್ನೇ ಹೆಗಲ ಮೇಲೆ ಹಾಕಿಕೊಂಡು ಎರಡು ಮಹಡಿ ಇಳಿಸಿದೆ. ಅತ್ತಿ ಕೆಳಗೆ ನಿಂತು ಆ ಟಿವಿಯವಳನ್ನು ಬೈಯುತ್ತಿದ್ದಳು.

“ಮಾರಿಗೆ ಪೌಡರ್ ಬಡಕೊಂಡು ಸುಳ್ಳು ಹೇಳಾಕ ನಾಚಿಕಿ ಬರೂದಿಲ್ಲೇನ್ ಆಕಿಗೆ? ಹಡದವ್ರು ಖರೇ ಮಾತು ಕಲಿಸಿಲ್ಲೇನು?”

“ಅದ ನೋಡತ್ತಿ” ಎಂದೆ ಏದುಸಿರು ಬಿಡುತ್ತ.

“ಆಕಿ ಲಗ್ನದಾಗ ಹಿಂಗ ಆಲಿಕಲ್ಲು ಬೀಳಲಿ. ಊಟದ ಎಲಿಗೇ ಬೀಳಲಿ.”

“ಬೀಳಲಿ. ಅಂಥಾಕಿನ್ನ ಕೆಲಸದಿಂದ ತಗದ್ ಹಾಕ್ಬೇಕು” ಎಂದೆ. ಹೆಗಲ ಮೇಲಿನ ಕೌದಿ ಇನ್ನಷ್ಟು ಭಾರವಾಯಿತು.

ಆ ವಾರ ಹೈದರಾಬಾದು ಇಡೀ ಊರನ್ನು ಹಂಚಿನ ಮೇಲೆ ಬೇಯಿಸಿ ಸಂಜೆ ನೀರು ಚಿಮುಕಿಸಿದಂತೆ ನಡೆಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗಾಲು ಸುಡುವ ಬಿಸಿಲು. ಎಂಟು ಪದರದ ಕೌದಿಗೆ ಅಂಥ ಬಿಸಿಲು ಎರಡು ದಿನ ಬೇಕು. ಸಿಗುತ್ತಿದ್ದುದು ಅರ್ಧ ದಿನ. ನಾನು ಬೆಳಿಗ್ಗೆ ಏಳನ್ನೂ ಮೇಲೆ ಹೊತ್ತುಹಾಕಿ ಆಫೀಸಿಗೆ ಓಡುವುದು, ಮಳೆ ಬಂದಾಗ ಅತ್ತಿ ಒಬ್ಬಳೇ ಮೆಟ್ಟಿಲು ಹತ್ತುವುದು, ಒಯ್ಯಲು ಸಾಧ್ಯವಾದದ್ದು ಒಂದೇ ಆದ್ದರಿಂದ ಪ್ರತಿ ಸಲ ಅವ್ವನದನ್ನೇ ಎಳೆದುಕೊಂಡು ಇಳಿಯುವುದು, ಉಳಿದ ಆರು ಮತ್ತೆ ನೆನೆಯುವುದು. ಮಂಗಳವಾರ ಹೀಗೇ ಆಯಿತು. ಬುಧವಾರ ಸೂರ್ಯನೇ ಬರಲಿಲ್ಲ, ಬರೀ ಹಬೆ. ಕೂಸಿಗೆ ಹಾಕಿದ ಲೋಬಾನದ ಹೊಗೆಯೂ ಏಳು ಹಸಿ ಕೌದಿಯ ವಾಸನೆಯೂ ಸೇರಿ, ನಮ್ಮ ಮನೆ ಮಳೆಗಾಲದ ಮಠದಂತಾಯಿತು.

ಆದರೂ ಅತ್ತಿ ಒಣಗಿಸುವ ರೀತಿ ನೋಡಿದರೆ ಕೈ ಮುಗಿಯಬೇಕು. ಗಂಟೆಗೊಮ್ಮೆ ಕೌದಿಯ ಮಗ್ಗುಲು ಬದಲಿಸುವಳು. ನೀರು ಮೂಲೆಗೆ ಇಳಿಯಲೆಂದು ಓರೆಯಾಗಿ ಹಾಕುವಳು. ಒಣಗಿತೋ ಇಲ್ಲವೋ ಎಂದು ನಾನು ಅಂಗೈಯಿಂದ ಒತ್ತಿ ನೋಡಿದರೆ ಕೈಗೆ ಒಂದು ಕೊಟ್ಟು, “ಕೈ ಸುಳ್ಳು ಹೇಳ್ತೈತಿ. ಗಲ್ಲದಿಂದ ನೋಡ್ಬೇಕು. ಕೂಸು ಮಲಗೂದು ಗಲ್ಲದ ಮ್ಯಾಲ, ಕೈ ಮ್ಯಾಲಲ್ಲ” ಎನ್ನುವಳು. ಬಗ್ಗಿ ಕೆನ್ನೆಯನ್ನು ಕೌದಿಯ ನಡುಮಧ್ಯೆ ಒತ್ತಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇರುವಳು. “ಇನ್ನೂ ಐತಿ ಹಸಿ. ಟಿವ್ಯಾಕಿ ನಾಲಿಗಿ ಹಂಗ.”

ಅಕ್ಕ ಬೆರಳು ಮಡಚುತ್ತ ದಿನ ಎಣಿಸುತ್ತಿದ್ದಳು. ಬುಧವಾರ ಸಂಜೆ ಮಾತ್ರ, “ಆಗ್ಲಿಲ್ಲಂದ್ರ ಬ್ಯಾರೇ ಚಾದರದ ಮ್ಯಾಲ ಮಲಗಸೂಣ ಬಿಡು” ಎಂದು ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಆ ಗೋಡೆಗೆ ತಾಗಿ ನನ್ನ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಗುರುವಾರ ಬೆಳಿಗ್ಗೆ ನಾನು ಉಪಾಯ ಹೇಳಿದೆ. ಈ ಊರಿನಲ್ಲಿ ಮಳೆ ಓಣಿ ನೋಡಿ ಬೀಳುತ್ತದೆ. ನಾಚಾರಂನಲ್ಲಿ ಕೊಚ್ಚಿಕೊಂಡು ಹೋಗುವಾಗ ಲಿಂಗಂಪಲ್ಲಿಯಲ್ಲಿ ಜನ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಎರಡು ದಿನದಿಂದ ಕೊಂಡಾಪುರದಲ್ಲಿ ಹನಿ ಬಿದ್ದಿರಲಿಲ್ಲ. ಅವ್ವನ ಕೌದಿಯನ್ನು ನಮ್ಮ ಆಫೀಸಿನ ಮಾಳಿಗೆಯ ಮೇಲೆ ಹಾಕಿದರೆ?

ಅತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಕಳದ್ ಬಂದ್ರ ನೀನೂ ಬರಬ್ಯಾಡ.”

ಅದು ಯಾವ ಚೀಲದಲ್ಲೂ ಹಿಡಿಯಲಿಲ್ಲ. ಅತ್ತಿಯೇ ಅದನ್ನು ನನಗೆ ಹೊದಿಸಿ, ಎದೆಗೂ ಸೊಂಟಕ್ಕೂ ದಾರ ಬಿಗಿದು ಸ್ಕೂಟರ್ ಹತ್ತಿಸಿದಳು. ಬಿಸಿಗಾಳಿಗೆ ದಾರಿಯಲ್ಲೇ ಅರ್ಧ ಒಣಗುತ್ತದೆ ಎಂದು ಅವಳ ಲೆಕ್ಕ. ಡಾಂಬರು ಕರಗುವ ಬಿಸಿಲಿನಲ್ಲಿ ಕೌದಿ ಹೊದ್ದು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಹೋಗುವವನನ್ನು ಈ ಊರು ಸುಮ್ಮನೆ ಬಿಡುತ್ತದೆಯೇ? ತಾರ್ನಾಕದ ಸಿಗ್ನಲ್ಲಿನಲ್ಲಿ ಒಬ್ಬ ಆಟೊದವ ಕತ್ತು ಹೊರಗೆ ಹಾಕಿ, “ಕ್ಯಾ ಮಿಯಾ, ಭೋತ್ ಠಂಡ್ ಲಗ್ರೈ ಕ್ಯಾ?” ಎಂದು, ಚಳಿ ಬಹಳವೇ ಎಂದು ವಿಚಾರಿಸಿದ. ಜೀವನವಿಡೀ ಎಲ್ಲರನ್ನೂ ಅಣಕಿಸಿದವನು ಅಂದು ಅಷ್ಟೂ ಸಿಗ್ನಲ್ಲುಗಳಲ್ಲಿ ಬಡ್ಡಿ ಸಮೇತ ಪಡೆದೆ. ಆದರೆ ಒಂದು ಮಾತು ಹೇಳಲೇಬೇಕು. ಬೇಗಂಪೇಟೆಯ ಹತ್ತಿರ ಇನ್ನೊಬ್ಬ ಸ್ಕೂಟರಿನವರು ಪಕ್ಕಕ್ಕೆ ಬಂದು, ನೇತಾಡುತ್ತಿದ್ದ ಕೌದಿಯ ಅಂಚನ್ನು ಚಕ್ರಕ್ಕೆ ಸಿಗದಂತೆ ನನ್ನ ಸೊಂಟಕ್ಕೆ ಸಿಕ್ಕಿಸಿ, ಏನೂ ಕೇಳದೆ ಮುಂದೆ ಹೋದರು.

ಆಫೀಸಿನ ಮಾಳಿಗೆಯ ಕಟ್ಟೆಗೆ ಕೌದಿ ಹಾಸಿ, ಹಾರದಂತೆ ಇಟ್ಟಿಗೆ ಇಟ್ಟು ಕೆಳಗೆ ಬಂದೆ. ಎರಡು ಗಂಟೆಗೆ ಫೋನಿನಲ್ಲಿ ಒಬ್ಬ ಗಿರಾಕಿ ತನ್ನ ಕೆಟ್ಟ ಫ್ರಿಜ್ಜಿನ ಕಥೆಯನ್ನು ಅದರ ಜನ್ಮದಿಂದ ಶುರು ಮಾಡಿದ್ದ. ಆಗ ಗುಡುಗಿತು. ನಮ್ಮ ತಲೆಯ ಮೇಲೇ. ಗಿರಾಕಿಯನ್ನು ನಡುವೆ ಬಿಟ್ಟು ಏಳುವ ಹಾಗಿಲ್ಲ. “ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಸಾರ್” ಎಂದು ಜೇನಿನಂಥ ದನಿಯಲ್ಲಿ ಹೇಳುತ್ತಲೇ ಕಿಟಕಿಯ ಗಾಜಿಗೆ ಮಳೆ ಬಡಿಯುವುದನ್ನು ನೋಡಿದೆ. ನನ್ನ ತೊಂದರೆ ಯಾರಿಗೂ ಅರ್ಥವಾಗುವಂತಿರಲಿಲ್ಲ. ಕೊನೆಗೆ ಫೋನು ಇಟ್ಟು ಮೆಟ್ಟಿಲು ಮೂರು ಮೂರು ಹಾರಿ ಮೇಲೆ ಹೋದರೆ ಕಟ್ಟೆ ಖಾಲಿ. ಇಟ್ಟಿಗೆ ಮಾತ್ರ ನೆನೆಯುತ್ತಿತ್ತು.

“ಇದು ನಿಮ್ದೇನ್ರಿ?”

ಮಾಳಿಗೆಯ ಒಂದು ಮಗ್ಗುಲಿಗೆ ತಗಡಿನ ಚಪ್ಪರವಿದೆ. ಅದರ ಕೆಳಗೆ ಇಡೀ ಕಟ್ಟಡದ ಎಸಿಗಳ ಹೊರಗಿನ ಪೆಟ್ಟಿಗೆಗಳು ಸಾಲಾಗಿ ನಿಂತು ಬಿಸಿಗಾಳಿ ಉಗುಳುತ್ತವೆ. ಆ ಸಾಲಿನ ಎದುರು ಹಗ್ಗ ಕಟ್ಟಿ, ಅದರ ಮೇಲೆ ಅವ್ವನ ಕೌದಿ ಹರವಿ, ನಮ್ಮ ಆಫೀಸಿನ ನೆಲ ಒರೆಸುವ ಅಕ್ಕ ನಿಂತಿದ್ದರು. ಆರು ತಿಂಗಳಿಂದ ದಿನಾ ನೋಡುತ್ತಿದ್ದೆ. ನನ್ನ ಹಿಂದಿಗೂ ಅವರ ಹಿಂದಿಗೂ ಯಾವುದು ಹೆಚ್ಚು ಕೆಟ್ಟದ್ದು ಎಂಬ ಪೈಪೋಟಿ ನಡೆದಿತ್ತು. ಒರೆಸುವಾಗ ಕಾಲೆತ್ತಲು ಅವರು ಹೇಳುವ ‘ಪಾವ್ ಉಠಾವ್ ಸಾಬ್’ ಎಂಬುದನ್ನು ಕ್ಯಾಂಟೀನಿನಲ್ಲಿ ಅಣಕಿಸಿ ನಾನು ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಅವರು ಕನ್ನಡದವರೆಂದು ನನಗೆ ಗೊತ್ತಿರಲಿಲ್ಲ.

“ನೀವು... ಕನ್ನಡದವ್ರೇನ್ರಿ?” ಎಂದೆ.

“ರಾಯಚೂರ್ ಕಡ್ಯಾವ್ರಿ. ಲಿಂಗಂಪಲ್ಲ್ಯಾಗ ಇರ್ತೀವಿ. ನಮ್ಮನ್ಯಾವ್ರು ಸೆಂಟ್ರಿಂಗ್ ಕೆಲಸ ಮಾಡ್ತಾರ. ಗುಡುಗು ಕೇಳಿ ಒರಸೂ ಬಟ್ಟಿ ತಗಿಯಾಕ ಬಂದೆ, ಕೌದಿ ಕಂಡಿತು. ಇಂಥಾ ಹೊಲಿಗಿ ಈ ಊರಾವ್ರು ಹಾಕೂದಿಲ್ಲಂತ ತಿಳೀತು. ಯಾರ್ದರ ಇರ್ಲಿ, ಮೊದ್ಲ ಎಳಕೊಂಡೆ.” ಹೊಲಿಗೆಯ ಮೇಲೆ ಬೆರಳಾಡಿಸಿ, “ಯಾರ್ ಹೊಲದಾರ್ರಿ?” ಎಂದರು.

“ನಮ್ಮವ್ವ.”

“ಕೈ ಭಾಳ ತಾಳ್ಮಿದ್ದೈತಿ” ಎಂದರು, ಅವ್ವ ಪಕ್ಕದ ಮನೆಯಲ್ಲಿ ಕೂತು ಇನ್ನೂ ಹೊಲಿಯುತ್ತಿರುವಂತೆ. ನಾನು ತಿದ್ದಲಿಲ್ಲ.

ಸಂಜೆಯವರೆಗೆ ಒರೆಸುವ ಕೆಲಸದ ನಡುನಡುವೆ ಮೇಲೆ ಹೋಗಿ ಅವರೇ ಮಗ್ಗುಲು ಬದಲಿಸಿದರು. ಆರು ಗಂಟೆಗೆ ಕೌದಿಯ ನಡುಮಧ್ಯಕ್ಕೆ ಬಗ್ಗಿ ಕೆನ್ನೆ ಇಟ್ಟು ಕಣ್ಣು ಮುಚ್ಚಿದರು. “ಒಣಗ್ಯಾದ ತಗೋರಿ” ಎಂದು ಮಡಚಿ, ಕಸದ ಡಬ್ಬಿಗೆ ಹಾಕುವ ಹೊಸ ಕರಿ ಪ್ಲಾಸ್ಟಿಕ್ ಚೀಲ ಎರಡು ತಂದು ಸುತ್ತಿ ಕೊಟ್ಟರು. ಆ ದಿನದಿಂದ ಅವರ ದನಿಯನ್ನು ನಾನು ಎಲ್ಲೂ ತೆಗೆದಿಲ್ಲ.

ಮನೆಗೆ ಬಂದರೆ ನಾಚಾರಂನಲ್ಲಿ ಅಂದು ಒಂದು ಹನಿಯೂ ಬಿದ್ದಿರಲಿಲ್ಲ! ಹೇಗೂ ಮಳೆ ಬರುತ್ತದೆಂದು ಅತ್ತಿ ಆರೂ ಕೌದಿಗಳನ್ನು ಒಳಗೇ ಇಟ್ಟುಕೊಂಡು ಕೂತಿದ್ದಳು. ಅವ್ವನದನ್ನು ಬಿಚ್ಚಿ ಕೆನ್ನೆ ಒತ್ತಿದಳು, ಅಕ್ಕನನ್ನೂ ಕರೆದು ಒತ್ತಿಸಿದಳು.

“ಇಷ್ಟು ಛಂದ ಯಾರ್ ಒಣಗಿಸಿದ್ರೋ?”

“ರಾಯಚೂರಿನ ಒಬ್ರು ಅಕ್ಕ. ಎಸಿ ಹಚ್ಚಿ.”

“ತಂಪ್ ಮಾಡೂ ಮಷಿನ್ ಒಣಗಸ್ತೈತೇನು? ಮತ್ತ ಸುಳ್ಳು ಹೇಳಾಕತ್ತಿ” ಎಂದಳು. ಆ ‘ಮತ್ತ’ ಎಂಬುದು ನನ್ನ ಕಿವಿಗೆ ಬಿತ್ತು. ಬಿದ್ದರೂ ಬುದ್ಧಿಗೆ ಹತ್ತಲಿಲ್ಲ.

ಶುಕ್ರವಾರ ಉಳಿದ ಆರು ಅರ್ಧ ಒಣಗಿ ಮತ್ತೆ ಪೂರಾ ನೆನೆದವು. ಶನಿವಾರ ನನಗೆ ರಜೆ. ಬೆಳಗಿನಿಂದಲೇ ಗಾಳಿಯಾಡದ ಸೆಕೆ. ಕೂಸು ಮೈತುಂಬ ಬೆವರುಸಾಲೆ ಎದ್ದು ಅಳುತ್ತಿತ್ತು. ಮಧ್ಯಾಹ್ನ ಓಣಿಯ ಎಲ್ಲ ಮೊಬೈಲುಗಳೂ ಒಮ್ಮೆಗೇ ಎಚ್ಚರಿಕೆಯ ಗಂಟೆ ಬಾರಿಸಿದವು. ಹಿಂದಿನ ನಾಲೆ ತುಂಬಬಹುದು, ತಗ್ಗಿನ ಮನೆಯವರು ಹುಷಾರಾಗಿರಿ ಎಂದು ಒಂದು ಗಾಡಿ ತೆಲುಗಿನಲ್ಲಿ ಕೂಗಿಕೊಂಡು ಹೋಯಿತು. ಆ ಕೂಗು ಅಣಕಿಸಲು ಬಹಳ ಚೆನ್ನಾಗಿತ್ತು. ನನಗೆ ಮನಸ್ಸಾಗಲಿಲ್ಲ.

ಐದು ಗಂಟೆಗೆ ಶುರುವಾದ ಮಳೆ ಮಳೆಯಂತಿರಲಿಲ್ಲ. ಯಾರೋ ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಗಂಟೆಯಲ್ಲಿ ನಾಲೆಯ ನೀರು ಕಪ್ಪಗೆ ಓಣಿಗೆ ತಿರುಗಿ, ಶೆಡ್ಡುಗಳ ಮರದ ಹೊಟ್ಟು, ಒಂದು ಚಪ್ಪಲಿ, ಯಾರದೋ ಪ್ಲಾಸ್ಟಿಕ್ ಕುರ್ಚಿ ಎಲ್ಲವನ್ನೂ ಹೊತ್ತುಕೊಂಡು ನಮ್ಮ ಮೆಟ್ಟಿಲಿಗೆ ಬಂತು. ಮನೆ ಮಾಲೀಕರು ಮೇಲಿನಿಂದ, “ಅಮ್ಮಾ, ಪೈಕಿ ರಂಡಿ, ಪಾಪನಿ ತೀಸ್ಕೊನಿ ರಂಡಿ” ಎಂದು ಮಗುವನ್ನು ಕರೆದುಕೊಂಡು ಮೇಲೆ ಬರುವಂತೆ ಕೂಗಿದರು. ಆದರೆ ಮೆಟ್ಟಿಲು ಮನೆಯ ಹೊರಗೆ, ಬಯಲಿಗಿದೆ. ಮಿಂಚು ಎದುರಿನ ಶೆಡ್ಡಿನ ಮೇಲೇ ಇಳಿಯುವಂತೆ ಹೊಡೆಯುತ್ತಿತ್ತು. “ಮಿಂಚು ತಗ್ಗಲಿ, ಬರ್ತೀವ್ರಿ” ಎಂದು ಅತ್ತಿ ಕೂಗಿ ಹೇಳಿ, ಮೊದಲು ಹೋಗಿ ಕರೆಂಟಿನ ಮೇನ್ ಆಫ್ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಕೌದಿ ತಗೊಂಬಾ” ಎಂದಳು.

“ಯಾವ ಕೌದಿ?”

“ವಾರ ಪೂರ್ತಿ ನೀ ಮ್ಯಾಲ ಕೆಳಗ ಹೊತ್ತಿಯಲ್ಲ, ಆ ಆರು. ಹಸಿ ಕೌದಿ ಕಲ್ಲು ಇದ್ದಂಗ. ಒಣಗಿದ್ದಿದ್ರ ತೇಲಿ ಹೋಗ್ತಿದ್ವು. ನಡಿ ಲಗೂನ.”

ಕೂಸಿನ ಕೆಳಗೆ ಹಾಸುವ ರಬ್ಬರ್ ಶೀಟನ್ನು ಹೊಸ್ತಿಲಿಗೆ ಅಡ್ಡ ಹಿಡಿದಳು. ಒಂದೊಂದು ಕೌದಿಯನ್ನೂ ಉದ್ದಕ್ಕೆ ಮಡಚಿ, ಸುರುಳಿ ಸುತ್ತಿ, ಬಾಗಿಲ ಚೌಕಟ್ಟಿನ ನಡುವೆ ಒಂದರ ಮೇಲೊಂದು ಗುದ್ದಿ ಗುದ್ದಿ ಕೂರಿಸಿದಳು. ಹೀಗೆ ಐದು. ಆರನೆಯದನ್ನು ನಾನು ಅಲ್ಲೇ ಇಡಲು ಹೋದರೆ, “ಮಂಗ್ಯಾ, ಬಚ್ಚಲ ತೂತು ಯಾರ್ ನೋಡ್ಬೇಕು?” ಎಂದು ಒಳಗೆ ಓಡಿದಳು. ನಿಜ. ಬಚ್ಚಲಿನ ಕೊಳವೆಯಿಂದ ಹೊಲಸು ನೀರು ಗುಳುಗುಳು ಎಂದು ಮೇಲೇರುತ್ತಿತ್ತು. ಆರನೆಯ ಕೌದಿಯನ್ನು ಅದರ ಮೇಲೆ ಅದುಮಿ, ರುಬ್ಬುವ ಕಲ್ಲನ್ನು ನನ್ನಿಂದ ಎತ್ತಿಸಿ ಕೂರಿಸಿದಳು. ಗುಳುಗುಳು ನಿಂತಿತು.

ಬಾಗಿಲಿನ ಎಡಮೂಲೆಯಲ್ಲಿ ಮಾತ್ರ ನೀರು ಸಂದು ಹುಡುಕಿಕೊಂಡು ಒಳಗೆ ಬರತೊಡಗಿತು. ಹೊರಗೆ ಮೊಣಕಾಲುದ್ದ ನಿಂತಿತ್ತು. ಒತ್ತಡಕ್ಕೆ ಕೌದಿಗಳ ಸಾಲು ಒಳಕ್ಕೆ ಜರುಗುತ್ತಿತ್ತು. ನಾನು ಕಾಲು ಕೊಟ್ಟು ಒತ್ತಿದೆ, ಜಾರಿದೆ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿತು: “ಅತ್ತಿ, ಇದನ್ನೂ ಹಾಕು.” ಎರಡೂ ಕೈಯಲ್ಲಿ ಅವ್ವನ ಕೌದಿ ಹಿಡಿದು ನಿಂತಿದ್ದಳು. ಮುಖ ಬಿಳಿಚಿತ್ತು. ಹಿಡಿದ ಬೆರಳು ಮಾತ್ರ ಬಿಡುವ ಹಾಗೆ ಕಾಣಲಿಲ್ಲ.

ಅತ್ತಿ ಅವಳನ್ನೂ ಕೌದಿಯನ್ನೂ ನೋಡಿದಳು. “ಒಳಗ ಹೋಗು. ಅದಕ್ಕ ನಾಳಿ ಕೆಲಸ ಐತಿ” ಎಂದು ಸೀರೆ ಮೊಣಕಾಲಿಗೆ ಸಿಕ್ಕಿಸಿ, ತಿರುಗಿ, ಆ ಕೌದಿಗಳ ಸಾಲಿನ ಎಡಮೂಲೆಯ ಮೇಲೆ ಕುಳಿತುಬಿಟ್ಟಳು. ಪೂರಾ ಭಾರ ಬಿಟ್ಟು, ಬೆನ್ನನ್ನು ಚೌಕಟ್ಟಿಗೆ ಕೊಟ್ಟು, ಎರಡೂ ಕಾಲು ಎದುರಿನ ಗೋಡೆಗೆ ಒತ್ತಿದಳು. ಸಂದಿನ ನೀರು ಸಣ್ಣಗಾಯಿತು, ಆಮೇಲೆ ನಿಂತಿತು.

“ಹತ್ತು ವರ್ಷಾತು, ತೂಕ ಇಳಸು, ತೂಕ ಇಳಸು ಅಂತ ನನ್ನ ನಡಗಿ ಅಣಕಸ್ತಿಯಲ್ಲ” ಎಂದಳು ನನಗೆ. “ಈಗ ಹೇಳು, ಇಳಸ್ಲೇನು?”

“ಬ್ಯಾಡತ್ತಿ. ಇನ್ನೊಂದ್ ರೊಟ್ಟಿ ತಂದ್ ಕೊಡ್ಲೇನು?”

ಬಲಮೂಲೆಯ ಮೇಲೆ ನಾನೂ ಕುಳಿತೆ. ನನ್ನ ತೂಕಕ್ಕೆ ನೀರು ಅಷ್ಟೇನೂ ಮರ್ಯಾದೆ ಕೊಡಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು, ಒಳಗೆ ಮೇಣದ ಬತ್ತಿ. ಅಕ್ಕ ಮಂಚದ ಮೇಲೆ ಕೂತು ಅದೇ ಕ್ಯಾಲೆಂಡರಿನ ರಟ್ಟಿನಿಂದ ಕೂಸಿಗೆ ಗಾಳಿ ಹಾಕುತ್ತಿದ್ದಳು. ನೆನೆದ ಕೌದಿಗಳ ಮೇಲೆ ಅತ್ತಿ ಅಜ್ಜನ ಕಾಲದ ಪಲ್ಲಕ್ಕಿಯಲ್ಲಿ ಕೂತವಳಂತಿದ್ದಳು.

“ಮಳಿ ಯಾವಾಗ ನಿಂದರ್ತೈತಂತ?” ಎಂದಳು. “ಆ ಟಿವ್ಯಾಕಿನ್ನ ಒಂದೀಟು ಕೇಳು.”

“ಕರೆಂಟ್ ಇಲ್ಲಲ್ಲತ್ತಿ. ಟಿವಿ ಹೆಂಗ ಹಚ್ಚೂದು?”

“ಸ್ವಾಮಾರ ಮುಂಜಾನೇನೂ ಇರ್ಲಿಲ್ಲ.”

ಮಂಚದ ಮೇಲೆ ಕ್ಯಾಲೆಂಡರಿನ ರಟ್ಟು ನಿಂತಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಸೋಮವಾರ ಫ್ಯಾನು ಇಲ್ಲದ್ದಕ್ಕೇ ಅಲ್ಲವೇ ಅವಳು ರಟ್ಟು ಹಿಡಿದಿದ್ದು! ಅದನ್ನು ನೋಡುತ್ತಲೇ ನಿಂತು ಟಿವಿಯವಳಾಗಿದ್ದೆನಲ್ಲ, ನನ್ನಂಥ ಬುದ್ಧಿವಂತ ಇನ್ನೊಬ್ಬನಿಲ್ಲ.

“ಯಾವಾಗ ಗೊತ್ತಾತು?” ಎಂದೆ. ಗಂಟಲು ಒಣಗಿತ್ತು. ಅವ್ವನ ಕೌದಿ ಬಿಟ್ಟರೆ ಆ ವಾರದಲ್ಲಿ ಸರಿಯಾಗಿ ಒಣಗಿದ್ದು ಅದೊಂದೇ.

“ಆಲಿಕಲ್ಲು ನೆತ್ತಿಗೆ ಬಿದ್ದಾಗ. ಕರೆಂಟ್ ಇಲ್ದ ಮಾತಾಡೂ ಟಿವಿ ನಮ್ಮನ್ಯಾಗ ಒಂದ ಐತೆಲ್ಲ ಅಂತ ಹೊಳೀತು.”

“ಮತ್ತ ಅಷ್ಟೆಲ್ಲಾ ಬೈದದ್ದು?”

“ಬೈದದ್ದು ಆಕಿಗಪ. ನಿನಗ್ಯಾಕ ಹತ್ತಾಕತ್ತೈತಿ?”

“ಏಳೂ ಕೌದಿ ದಿನಾ ನನ್ನ ಕಡೆ ಹೊರಿಸಿದ್ದು?”

“ಮತ್ತ್ಯಾರ್ ಹೊರ್ಬೇಕು? ಆಕಿ ಬರ್ತಿದ್ಳೇನು?”

ಅಕ್ಕನಿಗೆ ತಡೆಯಲಾಗಲಿಲ್ಲ. ಹೊಲಿಗೆಯ ನೋವಿಗೆ “ಅಯ್ಯೋ, ಅಯ್ಯೋ” ಎನ್ನುತ್ತ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅತ್ತಿಯ ಈ ಆಟ ಅವಳಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು. ಆರು ದಿನ ಇಬ್ಬರೂ ಮುಖದ ಒಂದು ಗೆರೆ ಅಲ್ಲಾಡಿಸದೆ, ಒಬ್ಬಳು ನನ್ನೆದುರಿಗೆ ನನ್ನನ್ನೇ ಬೈದು ನನ್ನಿಂದಲೇ ಹೌದೆನ್ನಿಸಿಕೊಂಡರೆ, ಇನ್ನೊಬ್ಬಳು ಏನೂ ಅರಿಯದವಳಂತಿದ್ದಳು. ನಾನು ಕಲಾವಿದ ಎಂದುಕೊಂಡು ತಿರುಗುತ್ತಿದ್ದ ಮನೆಯಲ್ಲಿ ಪ್ರೇಕ್ಷಕ ನಾನೊಬ್ಬನೇ ಆಗಿದ್ದೆ.

“ತಪ್ಪಾತತ್ತಿ” ಎಂದೆ.

“ತಪ್ಪು ಆಗ್ಲಿಕ್ಕರ ಈ ಕೌದಿ ಒಣಗಿ ಟ್ರಂಕ್‌ನ್ಯಾಗ ಇರ್ತಿದ್ವು. ಈಗ ಮನೀ ತುಂಬ ನೀರು ಇರ್ತಿತ್ತು” ಎಂದು, ಕಾಲನ್ನು ಗೋಡೆಗೆ ಇನ್ನಷ್ಟು ಒತ್ತಿ, “ಅಂತ ಹೇಳಿ ಮತ್ತ ಮಾಡ್ಗೀಡಿ” ಎಂದಳು.

ಮಿಂಚು ತಗ್ಗುವ ಹೊತ್ತಿಗೆ ಮಳೆಯೂ ತಗ್ಗಿತು. ಕೊಡೆ ಹಿಡಿದು ಇಳಿದು ಬಂದ ಮಾಲೀಕರು ನಮ್ಮ ಬಾಗಿಲಿನ ಆಚೆ ನೀರು, ಈಚೆ ಒಣ ನೆಲ, ನಡುವೆ ಅತ್ತಿ ಕೂತಿರುವುದನ್ನು ನೋಡಿದರು. ಕೆಮ್ಮುವುದನ್ನೂ ಮರೆತು ನಿಂತರು. ಊಟದ ಹೊತ್ತಿಗೆ ಓಣಿಯ ನೀರು ನಾಲೆಗೆ ಮರಳಿತು. ಅಲ್ಲಿಯ ತನಕ ಅತ್ತಿ ಏಳಲಿಲ್ಲ. ಎಬ್ಬಿಸಲು ಆಮೇಲೆ ಇಬ್ಬರು ಬೇಕಾದರು.

ಭಾನುವಾರ ಬೆಳಿಗ್ಗೆ ಆಕಾಶ ಏನೂ ಗೊತ್ತಿಲ್ಲದ ಕೂಸಿನಂತಿತ್ತು. ಅಪ್ಪ, ಬೀಗರು, ಬಳಗದವರು ಬಂದು ಕಾಂಪೌಂಡಿನ ಮೇಲೆ ಸಾಲಾಗಿ ಬಿದ್ದಿದ್ದ ಆರು ಕೆಸರಿನ ಕೌದಿಗಳನ್ನು ನೋಡಿ ಏನಿದು ಎಂದು ಕೇಳಿದರು. “ನಿನ್ನಿ ಬಾಗಲ ಕಾದಾವು” ಎಂದಷ್ಟೇ ಅತ್ತಿ ಹೇಳಿದಳು. ಒಳಗೆ ಏಳನೆಯದನ್ನು ಹಾಸಿ, ಕೂಸನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿ, ಗುಗ್ಗರಿ ಹಂಚಿದರು. ಅಕ್ಕ ಬಗ್ಗಿ, ಕೂಸಿನ ಪಕ್ಕದಲ್ಲಿ, ಅವ್ವನ ಹೊಲಿಗೆಯ ನಡುಮಧ್ಯಕ್ಕೆ ಕೆನ್ನೆ ಇಟ್ಟಳು. ಒಣಗಿದೆಯೋ ಎಂದು ನೋಡಲು ಅಲ್ಲ. ಬಹಳ ಹೊತ್ತು ಏಳಲಿಲ್ಲ, ಯಾರೂ ಎಬ್ಬಿಸಲೂ ಇಲ್ಲ. ಕೊನೆಗೆ ಎಬ್ಬಿಸಿದ್ದು ಕೂಸು. ಮಾವನ ಹಾದಿ ಹಿಡಿದು ಕೌದಿಯನ್ನು ಬೆಚ್ಚಗೆ ತೋಯಿಸಿತು.

“ಅಯ್ಯ, ಇದನ್ನೂ ಒಗೀಬೇಕಾತು. ಇವತ್ತೂ ಮಳಿ ಬರ್ತೈತೇನ್ರಿ?” ಎಂದು ಬೀಗತಿ ಕಿಟಕಿಯ ಕಡೆ ನೋಡಿದರು.

ಆಗ ಕೋಣೆಯಲ್ಲಿ ಆ ದನಿ ಕೇಳಿತು. ಮೂಗಿನಲ್ಲಿ ಸ್ವಲ್ಪ ನೆಗಡಿ, ಕೊನೆಗೆ ಬಂದೂ ಬಾರದ ನಗು: “ಕಲ್ಯಾಣ ಕರ್ನಾಟಕ ಹಾಗೂ ನೆರೆಯ ತೆಲಂಗಾಣದಲ್ಲಿ ಒಣ ಹವೆ ಮುಂದುವರಿಯಲಿದೆ.”

ಬಂದವರೆಲ್ಲ ತಿರುಗಿ ಟಿವಿ ನೋಡಿದರು. ಟಿವಿ ಆರಿತ್ತು. ನನ್ನನ್ನು ನೋಡಿದರು. ನನ್ನ ಬಾಯಿ ತುಂಬ ಗುಗ್ಗರಿಯಿತ್ತು.

ಅತ್ತಿ ಏನೂ ಆಗದವಳಂತೆ ಕೂಸನ್ನು ಎತ್ತಿಕೊಂಡು, ಅದರ ಕೆಳಗಿನ ಕೌದಿಯನ್ನು ಎಳೆದು ನನ್ನ ಹೆಗಲಿಗೆ ಹಾಕಿದಳು. ನಾನು ಹೊರಗೆ ಹೋಗಿ ಉಳಿದ ಆರನ್ನೂ ಎಣಿಸಿ ಮಾಳಿಗೆಯ ಮೆಟ್ಟಿಲು ಹತ್ತಿದೆ.